ಸೋಮನ ಕೆಂಪು ಹಣ್ಣು

"ಬೀಡಿ ಇಡಬೇಡ, ತೆಗಿ!" ಎನ್ನುತ್ತಾ ಬೆಳ್ಳಿ ಗಂಡನ ಹೆಣದ ಜೇಬಿಗೇ ಕೈ ಹಾಕಿದಳು.

ಹೋಗುವವರಿಗೆ ಇಷ್ಟದ್ದನ್ನು ಕೊಟ್ಟು ಮಣ್ಣು ಮಾಡುವುದು ಆ ಕಾಫಿ ಎಸ್ಟೇಟಿನ ಕೂಲಿ ಲೈನಿನವರ ಪದ್ಧತಿ. ಬೀಡಿ ಇಟ್ಟಿದ್ದ ಪಕ್ಕದ ಮನೆಯ ಪುಟ್ಟರಾಜು ಬೆಪ್ಪಾದ. "ಬೀಡಿ ಇಲ್ದೆ ಸೋಮಣ್ಣ ಹೆಂಗಕ್ಕ ಹೋಗೋದು?"

"ಬಿಟ್ಟು ಎರಡು ವರ್ಷ ಆಯ್ತು ಮಾರಾಯ. ನಿಂಗೂ ಹೇಳಿಲ್ವ? ಹೇಳೋ ಬಾಯಾ ಅದು!"

ಅಷ್ಟರಲ್ಲಿ ಮಗಳು ರಂಜಿತಾ ಅಪ್ಪನ ಕೆಂಪು ಉಣ್ಣೆಯ ಟೋಪಿ ತಂದು ತೊಡಿಸಿದಳು. ಬೆಳ್ಳಿ ಬಗ್ಗಿ ನೋಡಿದಳು. ಟೋಪಿ ಮಂಕಾಗಿ, ಹಳೇ ಹೆಂಚಿನಂತೆ ಕಾಣುತ್ತಿತ್ತು. ಅಯ್ಯೋ ದೇವರೇ, ಕಣ್ಣಿಗೆ ಇವತ್ತೇ ಮತ್ತೆ ಶುರುವಾಯಿತೇ? ದಿನಾ ಕೇಳಿ ನೋಡುವವನು ಚಾಪೆಯ ಮೇಲೆ ಮಲಗಿದ್ದಾನಲ್ಲ!

*

ಎರಡು ವರ್ಷದ ಹಿಂದೆ, ಕಾಫಿ ಹಣ್ಣು ಕೀಳುವ ಪಿಕಿಂಗ್ ಕಾಲ. ಬೆಳ್ಳಿಯ ಚೀಲದಲ್ಲಿ ಕೆಂಪು ಹಣ್ಣಿಗಿಂತ ದೋರೆಗಾಯಿಗಳೇ ಜಾಸ್ತಿ ಬಂದವು. ಲೆಕ್ಕ ಬರೆಯುವ ರೈಟರ್ ಉತ್ತಯ್ಯ ಬೈದರು. ಮನೆಗೆ ಬಂದಮೇಲೆ ಸೋಮನೂ ಬೈದ. "ನಿಂಗೆ ಕಣ್ಣಿಲ್ವೇನೇ?"

"ನೆಟ್ಟಗೆ ಕಾಣ್ತದೆ. ಆದ್ರೆ ಕೆಂಪು ಕೆಂಪಾಗಿಲ್ಲ," ಎಂದು ಅವಳು ಅತ್ತುಬಿಟ್ಟಳು.

ಸೋಮ ಎದ್ದು ಲೈನಿನ ಹಿಂದಿನ ಗಿಡದತ್ತ ಹೋದ. ಕಳಿತ ಕಾಫಿ ಹಣ್ಣೊಂದನ್ನು ತಂದು ಹಿಡಿದು, ಅವಳ ಒಂದೊಂದೇ ಕಣ್ಣು ಮುಚ್ಚಿಸಿ ಬಣ್ಣ ಕೇಳಿದ. ಬಲಗಣ್ಣಿಗೆ ಕೆಂಪು, ಎಡಗಣ್ಣಿಗೆ ಮಣ್ಣಿನ ಬಣ್ಣ. ಮಾರನೆಯ ದಿನವೇ ಮೈಸೂರಿನ ಬಸ್ಸು ಹತ್ತಿಸಿದ.

"ಥೈರಾಯ್ಡ್ ಕಾಯಿಲೆಯಿಂದ ಕಣ್ಣಿನ ಹಿಂದೆ ಬಾವು ಬಂದು ನರವನ್ನ ಒತ್ತುತ್ತಿದೆ," ಎಂದರು ಡಾಕ್ಟರಮ್ಮ. "ಅಕ್ಷರ ಚೆನ್ನಾಗೇ ಕಾಣ್ತಿರುತ್ತೆ, ಬಣ್ಣ ಮೊದಲೇ ಮಂಕಾಗಬಹುದು. ಬೇಗ ಬಂದ್ರಿ, ಉಳಿಸ್ಕೋಬಹುದು. ಮತ್ತೆ ಮಂಕಾದ್ರೆ ಒಂದು ದಿನವೂ ಕಾಯಬೇಡಿ. ಮನೇಲಿ ಯಾರಾದ್ರೂ ಬೀಡಿ ಸೇದ್ತಾರಾ? ಆ ಹೊಗೆ ಈ ಕಣ್ಣಿಗೆ ವಿಷ."

ಸೋಮ ಆಸ್ಪತ್ರೆಯ ಗೇಟಿನಲ್ಲೇ ಬೀಡಿ ಕಟ್ಟು ಎಸೆದ. ಔಷಧಿಯಿಂದ ಎಡಗಣ್ಣಿಗೂ ಕೆಂಪು ಮರಳಿತು. ಅಂದಿನಿಂದ ದಿನಾ ಬೆಳಿಗ್ಗೆ ಒಲೆಯ ಮುಂದೆ ಹಣ್ಣು ಹಿಡಿಯುತ್ತಿದ್ದ. ಹಣ್ಣಿಲ್ಲದ ಕಾಲದಲ್ಲಿ ಒಣಮೆಣಸಿನಕಾಯಿ. "ಹೇಳೇ ಮೂದೇವಿ, ಇದೆಂತ ಬಣ್ಣ?" ಅವನ ಪ್ರೀತಿಗೆ ಬೇರೆ ಮಾತು ಗೊತ್ತಿರಲಿಲ್ಲ.

*

"ರಂಜಿ, ಅಪ್ಪನ ಟೋಪಿ ಯಾವ ಬಣ್ಣ?"

"ಬಣ್ಣ ಎಲ್ಲಿದೆ ಅಮ್ಮ? ಹೋದ ವಾರ ಬಿಸಿನೀರಲ್ಲಿ ನೆನೆಹಾಕಿದ್ದೆ, ಎಲ್ಲಾ ಬಿಟ್ಟುಹೋಯ್ತು. ಅಪ್ಪ ಬೈದದ್ದು ಕೇಳಿಲ್ವ?"

ಬೆಳ್ಳಿಗೆ ಅಷ್ಟು ಸಾಲಲಿಲ್ಲ. "ಒಂದು ಹಣ್ಣು ಕಿತ್ತು ತಾ."

ಮಗಳಿಗೆ ಅರ್ಥವಾಯಿತು. ಲೈನಿನ ಹಿಂದಿನ ಗಿಡದಿಂದ ಕಳಿತ ಹಣ್ಣು ತಂದು, ಹೆಣದ ಪಕ್ಕದಲ್ಲೇ ಅಮ್ಮನ ಮುಖದೆದುರು ಹಿಡಿದಳು. ಜನ ಪಿಸುಗುಟ್ಟಿದರು.

ಬೆಳ್ಳಿ ಎಡಗಣ್ಣು ಮುಚ್ಚಿದಳು. ಕೆಂಪು. ಉಸಿರು ಹಿಡಿದು ಬಲಗಣ್ಣು ಮುಚ್ಚಿದಳು.

ಅದೇ ಕೆಂಪು!

ನಗು ಬಂತು, ಅದರ ಬೆನ್ನಿಗೇ ಬೆಳಗಿನಿಂದ ಬಾರದ ಅಳುವೂ ಬಂತು. "ಸರಿ ಉಂಟು ಕಣೋ, ಎರಡೂ ಸರಿ ಉಂಟು," ಎಂದು ಗಂಡನಿಗೆ ಹೇಳಿದಳು.

ಆಮೇಲೆ ಅವನ ತಣ್ಣಗಿನ ಬೆರಳುಗಳನ್ನು ಬಿಡಿಸಿ, ಹಣ್ಣನ್ನು ಅಂಗೈಯಲ್ಲಿಟ್ಟು, ಮತ್ತೆ ಒಂದೊಂದಾಗಿ ಮಡಿಸಿದಳು.