ಡಿ ಡ್ರೈವಿನಲ್ಲಿದ್ದ ಅಪ್ಪನ ದನಿ

ಸ್ವಲ್ಪ ಇರಿ, ಇದನ್ನು ಪೂರ್ತಿ ಕೇಳಿಬಿಡಿ, ಆಮೇಲೆ ನನಗೆ ಬೈಯುವುದಿದ್ದರೆ ಬೈಯಿರಿ. ಕಂಪ್ಯೂಟರ್ ವಿಷಯ ಅಂತ ಅರ್ಧಕ್ಕೇ ಎದ್ದು ಹೋಗಬೇಡಿ. ಇದು ನಮ್ಮಪ್ಪನ ಗಂಟಲಿನ ವಿಷಯ.

ಅಪ್ಪ ಬಸ್ ನಿಲ್ದಾಣದಲ್ಲಿ ಅನೌನ್ಸರ್ ಆಗಿದ್ದವರು. ಗಾಜಿನ ಗೂಡಿನಂಥ ಕೋಣೆಯಲ್ಲಿ ಕೂತು ಯಾವ ಬಸ್ಸು ಯಾವ ಪ್ಲಾಟ್‌ಫಾರಂಗೆ ಬರುತ್ತದೆಂದು ಮೈಕಿನಲ್ಲಿ ಹೇಳುವ ಕೆಲಸ. ಕಂಡಕ್ಟರುಗಳೆಲ್ಲ ಅವರನ್ನು ಗುಡುಗಣ್ಣ ಎನ್ನುತ್ತಿದ್ದರು. ಮೈಕು ಕೆಟ್ಟ ದಿನ ಕಿಟಕಿ ತೆಗೆದು ಕೂಗಿಯೇ ಇಡೀ ನಿಲ್ದಾಣ ನಡೆಸಿದ ಗಂಟಲು ಅದು. ಆ ಗಂಟಲಿಗೇ ಕ್ಯಾನ್ಸರ್ ಬಂತು. ಧ್ವನಿಪೆಟ್ಟಿಗೆ ತೆಗೆಯದೆ ಬೇರೆ ದಾರಿಯಿಲ್ಲ ಎಂದರು ಡಾಕ್ಟರು.

ಆಪರೇಷನ್‌ಗೆ ಮೊದಲು ಅಕ್ಕ ಒಂದು ಬುದ್ಧಿವಂತಿಕೆಯ ಕೆಲಸ ಮಾಡಿದಳು. ರೋಗಿಯ ಮಾತನ್ನು ಮೊದಲೇ ಸಾಕಷ್ಟು ರೆಕಾರ್ಡ್ ಮಾಡಿಟ್ಟರೆ, ಆಮೇಲೆ ಫೋನಿನಲ್ಲಿ ಟೈಪ್ ಮಾಡಿದ್ದನ್ನೆಲ್ಲ ಅದೇ ದನಿಯಲ್ಲಿ ಹೇಳಿಸಬಹುದು ಎಂದು ಆಸ್ಪತ್ರೆಯಲ್ಲಿ ಮಾತು ಕಲಿಸುವ ಮೇಡಂ ಹೇಳಿದ್ದರು. ದನಿ ಗೋಡೆಗೆ ಬಡಿದು ಮಾರ್ದನಿಸದಿರಲೆಂದು ಅಕ್ಕ ಬಟ್ಟೆಯ ಬೀರು ತೆರೆದು, ಸುತ್ತ ಕಂಬಳಿ ಇಳಿಬಿಟ್ಟು, ಅದರೊಳಕ್ಕೆ ಮುಖ ಮಾಡಿ ಅಪ್ಪನನ್ನು ಕೂರಿಸಿ ದಿನವೂ ಮಾತಾಡಿಸಿದಳು. ಸಿಟ್ಟಿನ ಮಾತು, ಮುದ್ದಿನ ಮಾತು, ನಮ್ಮೆಲ್ಲರ ಹೆಸರು, ಬೈಗುಳ, ಒಂದೂ ಬಿಡಲಿಲ್ಲ.

ಅಷ್ಟೂ ಹೋಗಿ ಕೂತದ್ದು ಭಾವನ ಕಂಪ್ಯೂಟರಿನಲ್ಲಿ. ಭಾವ ಅದನ್ನು ತಾವೇ ಬಿಡಿಭಾಗ ತಂದು ಜೋಡಿಸಿದ್ದು, ಆ ಹೆಮ್ಮೆ ಇನ್ನೂ ಇಳಿದಿರಲಿಲ್ಲ. ಡಿ ಡ್ರೈವ್ ಅಂತ ಕಾಣುವುದು ಒಂದೇ ಆದರೂ ಒಳಗೆ ಎರಡು ಹಾರ್ಡ್ ಡಿಸ್ಕ್, ಎರಡನ್ನೂ ಮದರ್‌ಬೋರ್ಡಿನ ಸೆಟ್ಟಿಂಗಿನಲ್ಲೇ ಜೋಡಿ ಮಾಡಿದ್ದರು. "ಒಂದು ಹೋದ್ರೆ ಇನ್ನೊಂದಿರುತ್ತೆ ಕಣೋ, ನಿಶ್ಚಿಂತೆ," ಎನ್ನುತ್ತಿದ್ದರು. ಹಾಗಾಗಿ ಯಾರೂ ಬೇರೆಲ್ಲೂ ಕಾಪಿ ಇಡಲಿಲ್ಲ.

ಆಪರೇಷನ್ ಆಯಿತು. ಅಪ್ಪ ಫೋನಿನಲ್ಲಿ ಮೊದಲ ಸಲ "ನೀರು ಕೊಡು" ಅಂತ ಟೈಪ್ ಮಾಡಿದಾಗ ಯಾವುದೋ ಹುಡುಗಿಯ ದನಿ ನಯವಾಗಿ ನೀರು ಕೇಳಿತು. ನನಗೆ ನಗು ತಡೆಯಲಾಗಲಿಲ್ಲ. ಅಪ್ಪ ಫೋನನ್ನು ಬೋರಲು ಹಾಕಿದವರು ಎಷ್ಟೋ ದಿನ ಮುಟ್ಟಲಿಲ್ಲ. ಅಂದಿನಿಂದ ಕರೆಯುವುದಕ್ಕೂ ಹೌದು ಅನ್ನುವುದಕ್ಕೂ ಚಿಟಿಕೆ, ಬೇಡ ಅನ್ನುವುದಕ್ಕೆ ಅಂಗೈ. ಅಕ್ಕ ಒಂದೊಂದೇ ರೆಕಾರ್ಡಿಂಗಿನ ಕೆಮ್ಮು, ಗೊರಗೊರ ಸದ್ದು ಕತ್ತರಿಸಿ ಹಸನು ಮಾಡುತ್ತಿದ್ದಳು. ಕೆಲಸ ಮುಗಿಯುತ್ತ ಬಂದಿತ್ತು, ಅಷ್ಟರಲ್ಲಿ ಹೊಸ ಸ್ಕ್ಯಾನಿನಲ್ಲಿ ಮತ್ತೆ ನೆರಳು ಕಾಣಿಸಿತು. ಸೋಮವಾರ ಬಂದು ಸೇರಿ, ಇನ್ನೊಂದು ಆಪರೇಷನ್ ಬೇಕೋ ಬೇಡವೋ ಮಾತಾಡೋಣ ಎಂದರು ಡಾಕ್ಟರು.

ಅಪ್ಪ ಅವತ್ತು ಫೋನೆತ್ತಿಕೊಂಡು, ದನಿ ಬಂದ್ ಮಾಡಿ, ಟೈಪ್ ಮಾಡಿ ತೋರಿಸಿದರು: "ಆ ಮಾತು ನಾನೇ ಆಡಬೇಕು. ನನ್ನ ದನಿಯಲ್ಲಿ."

ಶನಿವಾರ ಸಂಜೆಯೊಳಗೆ ರೆಕಾರ್ಡಿಂಗ್ ತಂದುಕೊಟ್ಟರೆ ಸೋಮವಾರಕ್ಕೆ ತಯಾರು ಮಾಡುತ್ತೇನೆ ಎಂದರು ಮೇಡಂ.

ಶನಿವಾರ ಬೆಳಗ್ಗೆ ಅಕ್ಕನ ಫೋನು. "ಬೇಗ ಬಾರೋ. ಕಾಪಿ ಆಗ್ತಾ ಆಗ್ತಾ ನಿಂತೋಗ್ತಿದೆ. ಒಳಗಡೆ ಟಿಕ್ ಟಿಕ್ ಅಂತಿದೆ."

ಹೋಗಿ ನೋಡಿದೆ. ಮೊದಲ ಫೋಲ್ಡರ್ ಹೊರಗಿನ ಡಿಸ್ಕಿಗೆ ಬಂದಿತ್ತು. ಎರಡನೆಯದಕ್ಕೆ ಕೈಹಾಕಿದರೆ ಇಡೀ ಕಂಪ್ಯೂಟರ್ ಕಲ್ಲಾಗಿ ಕೂತುಬಿಡುತ್ತದೆ, ಎಷ್ಟೋ ಹೊತ್ತಿಗೆ ಉಸಿರು ಬರುತ್ತದೆ, ಮತ್ತೆ ಕಲ್ಲು. ಅಪ್‌ಡೇಟ್ ಪುಟ ತೆರೆದರೆ ಅಲ್ಲೊಂದು ಸ್ಟೋರೇಜ್ ಡ್ರೈವರ್ ಕೂತಿತ್ತು, ಮದರ್‌ಬೋರ್ಡ್ ಕಂಪನಿಯದು. ಡಿಸ್ಕಿನ ಜೊತೆ ಕಂಪ್ಯೂಟರ್ ಹೇಗೆ ವ್ಯವಹರಿಸಬೇಕು ಅಂತ ಹೇಳಿಕೊಡುವ ಪ್ರೋಗ್ರಾಂ ಅದು. ಕಡ್ಡಾಯವಲ್ಲ, ಬೇಕಿದ್ದವರು ಹಾಕಿಕೊಳ್ಳಬಹುದು ಎಂದಿತ್ತು. ವಿವರ ಓದಿದೆ: ಜೋಡಿ ಡಿಸ್ಕುಗಳಿದ್ದಾಗ ಕಂಪ್ಯೂಟರ್ ನಿಂತುಹೋಗುವ ತೊಂದರೆ ಸರಿಪಡಿಸಲಾಗಿದೆ. ಅದರ ಕೆಳಗೇ ಇನ್ನೊಂದು ಸಾಲು: ಹಾಕುವ ಮೊದಲು ಎಲ್ಲವನ್ನೂ ಬೇರೆಡೆ ಕಾಪಿ ಮಾಡಿಟ್ಟುಕೊಳ್ಳಿ.

ಕಾಪಿ ಆಗುವಂತಿದ್ದರೆ ನಾನ್ಯಾಕೆ ಆ ಪುಟಕ್ಕೆ ಬರುತ್ತಿದ್ದೆ!

ನನ್ನ ಸ್ವಭಾವ ಹೇಳಿಬಿಡುತ್ತೇನೆ. ನನ್ನ ಸ್ವಂತ ಕಂಪ್ಯೂಟರಾಗಿದ್ದರೆ ಓದುವ ಮೊದಲೇ ಒತ್ತಿರುತ್ತಿದ್ದೆ. ಹೊಸ ಡ್ರೈವರ್ ಕಂಡರೆ ನನ್ನ ಬೆರಳು ಸುಮ್ಮನಿರುವುದಿಲ್ಲ. ಅವತ್ತು ಮಾತ್ರ ಬೆರಳು ತಣ್ಣಗಾಗಿತ್ತು. ಪೇಟೆಯಲ್ಲಿ ಕೆಟ್ಟ ಡಿಸ್ಕ್ ನೋಡುವ ರಿಪೇರಿಯವರೊಬ್ಬರಿಗೆ ಫೋನ್ ಮಾಡಿದೆ.

"ಆಫ್ ಮಾಡಿ ತಗೊಂಡ್ ಬಾಪ್ಪ," ಎಂದರು. "ಹೊರಗಡೆ ಕಳಿಸ್ತೀನಿ, ಅಲ್ಲಿ ಬಿಚ್ಚಿ ನೋಡ್ತಾರೆ. ತಿಂಗಳಾದ್ರೂ ಹಿಡಿಯುತ್ತೆ. ಸಿಕ್ಕೇ ಸಿಗುತ್ತೆ ಅಂತ ನಾನು ಮಾತು ಕೊಡಲ್ಲ."

"ಡ್ರೈವರ್ ಹಾಕಿ ನೋಡಿದ್ರೆ ಸಾರ್?"

"ಹಾಕಿ ಸರಿಹೋಗಿರೋದೂ ಉಂಟು, ಹಾಕಿ ಸತ್ತೇಹೋಗಿರೋದೂ ಉಂಟು. ಆಮೇಲೆ ನನ್ನ ಕೇಳಿ ಹಾಕ್ದೆ ಅಂತ ಊರೆಲ್ಲ ಹೇಳ್ಕೊಂಡ್ ತಿರುಗಬೇಡ."

ಫೋನ್ ಸ್ಪೀಕರಿನಲ್ಲಿತ್ತು. ಎಲ್ಲರೂ ಕೇಳಿಸಿಕೊಂಡರು. ಅಪ್ಪ ಬಾಗಿಲ ಹತ್ತಿರದ ಕುರ್ಚಿಯಲ್ಲಿ, ಉಸಿರಾಟಕ್ಕೆಂದು ಆಪರೇಷನ್ನಿನಲ್ಲಿ ಕತ್ತಿಗೆ ಮಾಡಿದ್ದ ತೂತಿನ ಮೇಲೆ ಕಟ್ಟಿದ ಬಟ್ಟೆ ಉಸಿರಿಗೆ ಏಳುತ್ತ ಬೀಳುತ್ತ ಇತ್ತು.

"ಆಫ್ ಮಾಡೋಣ ಅಕ್ಕ," ಎಂದೆ. "ಒಂದು ತಿಂಗಳು ತಾನೇ."

"ತಿಂಗಳು ತಾನೇ ಅಂತೀಯಲ್ಲೋ! ಸೋಮವಾರ ಒಳಗೆ ಹೋದೋರು..." ಅಕ್ಕ ಅಪ್ಪನ ಕಡೆ ನೋಡಿ ಮಾತು ನುಂಗಿಕೊಂಡಳು.

ಭಾವ ಕೈಕಟ್ಟಿ ನಿಂತಿದ್ದರು. "ನೀವಿಬ್ರೂ ಯಾಕಿಷ್ಟು ಒದ್ದಾಡ್ತೀರಾ? ಟಿಕ್ ಟಿಕ್ ಅಂತಿರೋದು ಒಂದು ಡಿಸ್ಕು. ಇನ್ನೊಂದ್ರಲ್ಲಿ ಎಲ್ಲಾ ಹಂಗೇ ಇದೆ. ಡ್ರೈವರ್ ಕೈಕೊಟ್ರೆ ಕೊಡ್ಲಿ, ಅದನ್ನ ಬಿಚ್ಚಿ ಇನ್ನೊಂದು ಕಂಪ್ಯೂಟರಿಗೆ ಹಾಕಿದ್ರಾಯ್ತು."

"ಗ್ಯಾರಂಟಿನಾ ಭಾವ?"

"ಜೋಡಿಸಿದ್ದು ನಾನೋ ನೀನೋ?"

"ನೀವೇ. ಅದಕ್ಕೇ ಕೇಳ್ತಿದೀನಿ."

"ನೋಡೇ ನಿನ್ ತಮ್ಮನ್ನ! ಬಾಯಿ ಮಾತ್ರ ಮೊಳದುದ್ದ," ಎಂದು ಭಾವ ಅಕ್ಕನಿಗೆ ದೂರು ಹೇಳಿದರು. ಅಪ್ಪನ ಭುಜ ಕುಲುಕಿತು. ನಕ್ಕಿದ್ದರು. ದನಿಯಿಲ್ಲದ ನಗು, ಬಟ್ಟೆಯಡಿ ಬರೀ ಗಾಳಿ.

ಆಮೇಲೆ ಅಪ್ಪ ಎದ್ದು ಬಂದು ನನ್ನ ಹಿಂದೆ ನಿಂತು ಪರದೆ ನೋಡಿದರು. ನಾನು ಎರಡೂ ದಾರಿ ಬಿಡಿಸಿ ಹೇಳಿದೆ. "ಆಫ್ ಮಾಡಿದ್ರೆ ಸೋಮವಾರಕ್ಕೆ ಸಿಗಲ್ಲ ಅಪ್ಪ, ಮುಂದೆ ಸಿಗಬಹುದು. ಇದನ್ನ ಹಾಕಿದ್ರೆ ಇವತ್ತೇ ಸಿಗಬಹುದು, ಇಲ್ಲಾಂದ್ರೆ ಯಾವತ್ತೂ ಸಿಗದೇ ಹೋಗಬಹುದು."

ಅಪ್ಪ ಭಾವನ ಕಡೆ ನೋಡಿದರು. ಭಾವ ತಲೆಯಾಡಿಸಿದರು. ಅಪ್ಪ ನನ್ನ ಕಿವಿಯ ಹತ್ತಿರ ಚಿಟಿಕೆ ಹೊಡೆದರು.

ಒತ್ತಿದೆ.

ಡ್ರೈವರ್ ಸಲೀಸಾಗಿ ಕೂತಿತು. ರೀಸ್ಟಾರ್ಟ್ ಕೇಳಿತು, ಕೊಟ್ಟೆ. ಕಂಪ್ಯೂಟರ್ ಮೊದಲಿಗಿಂತ ಬೇಗ ಎದ್ದಿತು. ಎಲ್ಲೂ ನಿಲ್ಲಲಿಲ್ಲ, ಕಲ್ಲಾಗಲಿಲ್ಲ. ಅಕ್ಕ ನನ್ನ ಬೆನ್ನಿಗೊಂದು ಗುದ್ದು ಕೊಟ್ಟಳು ಖುಷಿಗೆ. ಆಮೇಲೆ ನೋಡಿದರೆ ಡಿ ಡ್ರೈವೇ ಇಲ್ಲ.

ಡ್ರೈವರ್ ಜೊತೆಗೆ ಬಂದಿದ್ದ ಪುಟ್ಟ ಕಿಟಕಿ ತೆರೆದೆ. ಎರಡು ಡಿಸ್ಕುಗಳ ಚಿತ್ರ, ಒಂದರ ಮೇಲೆ ಕೆಂಪು ಗುರುತು. ಹಳೆಯ ಡ್ರೈವರ್ ಆ ಕೆಟ್ಟ ಡಿಸ್ಕಿಗಾಗಿ ಕಾಯುತ್ತಿತ್ತು, ಅದನ್ನೇ ನಾವು ನಿಂತುಹೋಯಿತು ಅಂದುಕೊಂಡಿದ್ದೆವು. ಹೊಸದಕ್ಕೆ ಅಷ್ಟು ತಾಳ್ಮೆಯಿರಲಿಲ್ಲ. ಉತ್ತರ ತಡವಾದೊಡನೆ ಡಿಸ್ಕನ್ನು ಜೋಡಿಯಿಂದ ಕಿತ್ತು ಹೊರಗಿಟ್ಟಿತ್ತು.

"ಹೋಗ್ಲಿ ಬಿಡು, ಇನ್ನೊಂದಿದೆಯಲ್ಲ," ಎಂದರು ಭಾವ.

ನಾನು ಕೆಳಗಿನ ಸಾಲು ಓದಿದೆ. ಮತ್ತೊಮ್ಮೆ ಓದಿದೆ. ಜೋಡಿಯ ಬಗೆ: ವೇಗಕ್ಕಾಗಿ, ಪ್ರತಿ ಫೈಲೂ ಎರಡು ಡಿಸ್ಕಿಗೆ ಚೂರು ಚೂರಾಗಿ ಹಂಚಿಕೆ. ನಕಲು ಇಲ್ಲ.

"ಭಾವ, ಜೋಡಿ ಮಾಡ್ವಾಗ ಯಾವ ಬಗೆ ಆರಿಸಿದ್ರಿ?"

"ಪಟ್ಟೀಲಿ ಮೊದಲನೇದಿತ್ತಲ್ಲ, ಅದನ್ನೇ. ಎರಡು ಡಿಸ್ಕ್ ಹಾಕಿದ್ಮೇಲೆ ಎರಡು ಕಾಪಿ ತಾನೇ?"

ನಾನು ಆ ಸಾಲನ್ನು ಗಟ್ಟಿಯಾಗಿ ಓದಿದೆ. ಭಾವ ಕಂಪ್ಯೂಟರ್ ಡಬ್ಬಿಯ ಪಕ್ಕದ ತಗಡು ಬಿಚ್ಚಿ ಆ ಎರಡು ಡಿಸ್ಕುಗಳನ್ನು ಸುಮ್ಮನೆ ನೋಡುತ್ತ ನೆಲದ ಮೇಲೆ ಕೂತರು. ಒಂದೊಂದರಲ್ಲೂ ಅಪ್ಪನ ಮಾತಿನ ಅರ್ಧರ್ಧ ಚೂರು. ಹಳೇ ಡ್ರೈವರ್ ವಾಪಸ್ ಹಾಕಿದೆ, ಕೇಬಲ್ ಬದಲಿಸಿದೆ. ಅಷ್ಟರಲ್ಲಿ ಆ ಡಿಸ್ಕು ಟಿಕ್ ಅನ್ನುವುದನ್ನೂ ನಿಲ್ಲಿಸಿತ್ತು. ಎರಡನ್ನೂ ರಿಪೇರಿಯವರಿಗೆ ಕೊಟ್ಟು ಬಂದೆ. ಅವರು ಕೆಟ್ಟದ್ದನ್ನು ಕೈಯಲ್ಲಿ ಹಿಡಿದು ಕಿವಿಗಿಟ್ಟುಕೊಂಡು, "ಮೊದಲೇ ತಂದಿದ್ರೆ ಏನಾದ್ರೂ ಆಗ್ತಿತ್ತೇನೋ," ಎಂದರು. ಆಗುತ್ತಿತ್ತು ಅನ್ನಲಿಲ್ಲ. ಏನೋ ಅಂದರು, ಅಷ್ಟೇ.

ನಮ್ಮ ಕೈಯಲ್ಲಿ ಉಳಿದದ್ದು ಮೊದಲ ಫೋಲ್ಡರ್. ಅಪ್ಪನಿಗೆ ಬಾಯಿ ಪಳಗಲಿ ಅಂತ ಅಕ್ಕ ಅವರಿಗೆ ಅತಿ ಸುಲಭವಾದದ್ದರಿಂದ ಶುರು ಮಾಡಿದ್ದಳು. ಒಂದರಿಂದ ನೂರರವರೆಗೆ ಅಂಕಿ, ಬೇರೇನಿಲ್ಲ. ಇಷ್ಟರಿಂದ ಮಾತು ಕಟ್ಟಲು ಬರುವುದಿಲ್ಲ ಎಂದರು ಮೇಡಂ. ಆದರೂ ಆ ಅಂಕಿಗಳನ್ನೇ ಅಪ್ಪನ ಫೋನಿಗೆ ಹಾಕಿಕೊಟ್ಟರು.

ಸೋಮವಾರ ಆಸ್ಪತ್ರೆ. ಆಪರೇಷನ್ ವಿಷಯ ಅಕ್ಕನೇ ಮಾತಾಡಿದಳು. ಅಪ್ಪ ಗೋಡೆ ನೋಡುತ್ತ ಕೂತಿದ್ದರು, ಚಿಟಿಕೆಯೂ ಇಲ್ಲ, ಅಂಗೈಯೂ ಇಲ್ಲ. ಅಕ್ಕ ಆಗಲಿ ಎಂದಳು. ಅಪ್ಪ ಏನನ್ನುತ್ತಿದ್ದರೋ ನಮಗೆ ಈಗಲೂ ಗೊತ್ತಿಲ್ಲ.

ಹೊರಡುವ ಮುಂಚೆ ಡಾಕ್ಟರು ಬಾಗಿ ಕೇಳಿದರು, "ನೋವು ಹತ್ತರಲ್ಲಿ ಎಷ್ಟಿದೆ ಯಜಮಾನ್ರೇ?"

ಅಪ್ಪ ಫೋನೆತ್ತಿ ಒಂದು ಕಡೆ ಒತ್ತಿದರು. "ಒಂಬತ್ತು!" ಬಸ್ ನಿಲ್ದಾಣದ ಅದೇ ಗುಡುಗು. ವಾರ್ಡಿನವರೆಲ್ಲ ತಿರುಗಿ ನೋಡಿದರು. ಅಕ್ಕ ಹೊರಗೆ ಓಡಿದಳು. ಭಾವ ಬಾಗಿಲಲ್ಲೇ ನಿಂತಿದ್ದರು, ಒಳಗೆ ಬರಲಿಲ್ಲ.

ಈಗ ಹೇಳಿ. ಆ ಕುರ್ಚಿಯಲ್ಲಿ ನೀವಿದ್ದು, ಬೆನ್ನ ಹಿಂದೆ ನಿಮ್ಮಪ್ಪ ಚಿಟಿಕೆ ಹೊಡೆದಿದ್ದರೆ, ನೀವು ಒತ್ತುತ್ತಿದ್ದಿರಾ, ಆಫ್ ಮಾಡುತ್ತಿದ್ದಿರಾ?