ಕುಬೇರಪ್ಪನ ವಾಕಿಂಗ್

ತಲೆಯ ಭಾರ ಇಳಿಯಬೇಕಾದರೆ ಮುಂಜಾನೆ ವಾಕಿಂಗ್ ಮಾಡಿ ಎಂದು ಡಾಕ್ಟರು ಹೇಳಿದ್ದರು. ಹತ್ತಿ ವ್ಯಾಪಾರಿ ಕುಬೇರಪ್ಪ ತಿಂಗಳುಗಟ್ಟಲೆ ನವನಗರವನ್ನೆಲ್ಲ ಸುತ್ತಿದ. ಭಾರ ಮಾತ್ರ ಇಳಿಯಲಿಲ್ಲ.

ಒಂದು ದಿನ ಚಪ್ಪಲಿ ಹರಿದು ಅರ್ಧ ದಾರಿಯಿಂದಲೇ ಮರಳಿದ. ಮನೆಯೊಳಗಿಂದ ಹಾಡು ಕೇಳಿಸಿತು. ಹೆಂಡತಿ ಶಿವಬಸವ್ವ ರೊಟ್ಟಿ ಬಡಿಯುತ್ತ ಹಾಡುತ್ತಿದ್ದಳು, ಸೊಸೆ ನಗುತ್ತಿದ್ದಳು. ಹೆಂಡತಿಗೆ ಹಾಡು ಬರುತ್ತದೆಂಬುದೇ ಅವನಿಗೆ ಗೊತ್ತಿರಲಿಲ್ಲ. ಅವನು ಒಳಗೆ ಕಾಲಿಟ್ಟೊಡನೆ ಇಬ್ಬರೂ ಗಪ್ಪಾದರು.

"ಇಷ್ಟ ಲಗೂ ಬಂದ್ರಿ?" ಎಂದಳು ಶಿವಬಸವ್ವ.

"ದಿನಾ ನಾ ಹೊರಗ ಹೋದಮ್ಯಾಲೆ ಹಾಡ್ತೀ ಏನ?"

ಅವಳು ಬಡಿದ ರೊಟ್ಟಿಯನ್ನು ಹಂಚಿಗೆ ಹಾಕಿದಳು. ಕುಬೇರಪ್ಪ ಅಡುಗೆಮನೆಯ ಬಾಗಿಲಿಗೇ ಕುರ್ಚಿ ಎಳೆದುಕೊಂಡು ಕುಳಿತ.

"ನಾಳಿಂದ ವಾಕಿಂಗ್ ಬಂದ್. ಇಲ್ಲೇ ಕುಂದರ್ತೇನಿ. ಹಾಡು."

ಹಾಡು ಹೊರಡಲಿಲ್ಲ, ಸೊಸೆ ನಗಲಿಲ್ಲ. ಹಂಚಿನ ಮೇಲೆ ರೊಟ್ಟಿ ಸೀದುಹೋಯಿತು. ಮನೆ ಗಪ್ಪಾದದ್ದು ಕಂಡು ಎಷ್ಟೋ ದಿನಗಳ ಮೇಲೆ ಕುಬೇರಪ್ಪನ ತಲೆ ಹಗುರಾಯಿತು.