ಅಕ್ಟೋಬರ್‌ನಲ್ಲಿ ನೆಟ್ಟ ಬೆಳ್ಳುಳ್ಳಿ

ಕೊಳೆ ಬೆಡ್‌ಶೀಟುಗಳನ್ನು ಮಷೀನಿಗೆ ತುಂಬಿ ಲೋರ್ನಾ ಗುದ್ದಲಿ ಹಿಡಿದು ಹಿತ್ತಿಲಿಗೆ ಇಳಿದಳು. ಬೆಳಿಗ್ಗೆ ವಾರದ ಬಾಡಿಗೆಯವರೊಬ್ಬರು ಮನೆ ಖಾಲಿ ಮಾಡಿದ್ದರು, ಸಂಜೆಗೆ ಇನ್ನೊಬ್ಬರು ಬರುವವರಿದ್ದರು. ನಡುವೆ ತೊಳೆದು ಒರೆಸುವುದು ಅವಳ ಕೆಲಸ. ಜುಲೈ ಮುಗಿಯುತ್ತ ಬಂದಿತ್ತು. ಬೆಳ್ಳುಳ್ಳಿಯ ಕೆಳಗಿನ ಎಲೆಗಳು ಒಣಗಿದ್ದವು. ಇನ್ನೊಂದು ವಾರ ಬಿಟ್ಟರೆ ಗೆಡ್ಡೆಗಳು ನೆಲದಲ್ಲೇ ಬಿರಿಯುತ್ತಿದ್ದವು.

ನೆಟ್ಟವಳು ಅವಳೇ, ಕಳೆದ ಅಕ್ಟೋಬರ್‌ನಲ್ಲಿ. ಆಗ ಅವಳು ಈ ಮನೆಯಲ್ಲೇ ಇದ್ದಳು. ಅಮೆರಿಕದ ಮೇನ್ ರಾಜ್ಯದ ಈ ದ್ವೀಪದಲ್ಲಿ ಹುಟ್ಟಿದವರ ಪಾಡು ಈಗ ಹೀಗೇ. ಬೇಸಿಗೆಗಷ್ಟೇ ಬರುವ ಬಾಸ್ಟನ್ನಿನವರು ಸೆಪ್ಟೆಂಬರ್‌ನಲ್ಲಿ ಬೀಗ ಹಾಕಿ ಹೋದ ಮನೆಗಳಿಗೆ ಊರವರು ಕಡಿಮೆ ಬಾಡಿಗೆಗೆ ಹೊಕ್ಕು, ಜೂನ್ ಬಂದರೆ ಗಂಟುಮೂಟೆ ಕಟ್ಟಬೇಕು. ಅವಳ ಗಂಡ ವೆಂಡೆಲ್ ಲಾಬ್‌ಸ್ಟರ್ ಎಂಬ ದೊಡ್ಡ ಸಿಗಡಿ ಹಿಡಿಯುತ್ತಿದ್ದ. ದೋಣಿಯ ಡೀಸೆಲ್ ಕಳೆದು ಅವನಿಗೆ ತಿಂಗಳಿಗೆ ಉಳಿಯುವುದು ಬೇಸಿಗೆಯಲ್ಲಿ ಈ ಮನೆಯ ಒಂದು ವಾರದ ಬಾಡಿಗೆಗೂ ಸಾಲದು. ಜೂನ್‌ನಿಂದ ಇಬ್ಬರೂ ಅವನ ಅಣ್ಣನ ಅಂಗಳದಲ್ಲಿ ನಿಲ್ಲಿಸಿದ್ದ, ಗಾಲಿಗಳ ಮೇಲಿನ ಪುಟ್ಟ ಮನೆಯಂಥ ಟ್ರೇಲರ್‌ನಲ್ಲಿದ್ದರು.

ನೆಡುವಾಗಲೇ ವೆಂಡೆಲ್ ಆಡಿಕೊಂಡಿದ್ದ. ಬಾಡಿಗೆಯವರು ಕುಂಡದಲ್ಲಿ ನೆಡಬೇಕು, ಹೊರಡುವಾಗ ಎತ್ತಿಕೊಳ್ಳಬಹುದು ಅಂದಿದ್ದ. ಅವಳು ಕಿವಿಗೆ ಹಾಕಿಕೊಳ್ಳದೆ ದಡದಿಂದ ಕಡಲಪಾಚಿ ಹೊತ್ತು ತಂದು ಸಾಲುಗಳ ಮೇಲೆ ಹೊದಿಸಿದ್ದಳು. ಬರುವ ಚಳಿಗಾಲಕ್ಕೂ ಇದೇ ಮನೆ ಸಿಗುತ್ತದೆಂದು ನಂಬಿದ್ದಳು.

ಮನೆಯೊಡತಿ ಮಿಸೆಸ್ ಥೇಯರ್ ಗೋಡೆ ಅಳೆಯುವವನೊಬ್ಬನನ್ನು ಕರೆದುಕೊಂಡು ಬಂದಾಗ ಬುಟ್ಟಿ ಅರ್ಧ ತುಂಬಿತ್ತು. ಅಳೆಯುವವನು ಒಳಗೆ ಹೋದ. ಮಿಸೆಸ್ ಥೇಯರ್ ಬೆಳ್ಳುಳ್ಳಿಯನ್ನು ಹೊಗಳಿದಳು, ಎಲ್ಲವನ್ನೂ ನೀನೇ ಒಯ್ಯಿ ಅಂದಳು. ಆಮೇಲೆ ಮಾತು ಬದಲಿಸಿದಳು.

"ಲೋರ್ನಾ, ಈ ಬೇಸಿಗೆ ಬುಕಿಂಗ್ ಮುಗಿದ ಮೇಲೆ ನನ್ನ ಮಗ ಇಲ್ಲೇ ಬಂದು ಇರ್ತಾನೆ. ವರ್ಷಪೂರ್ತಿ. ಹೊಸ ಹೀಟರ್ ಹಾಕಿಸ್ತಿದೀವಿ."

"ಚಳಿಗಾಲದಲ್ಲೂನಾ?"

"ಚಳಿಗಾಲದಲ್ಲೂ. ನಿಂಗೆ ಬೇರೆ ಮನೆ ಸಿಗುತ್ತೆ, ಬಿಡು. ನಿಮ್ಮೂರೇ ಅಲ್ವಾ?"

ಲೋರ್ನಾ ಹೂಂ ಅಂದಳು. ಊರಲ್ಲಿ ಖಾಲಿ ಮನೆ ಒಂದೂ ಇರಲಿಲ್ಲ. ಉಳಿದ ಸಾಲುಗಳನ್ನೂ ಅಗೆದು ಮುಗಿಸಿ, ಕೈ ತೊಳೆದು ಮಹಡಿಗೆ ಹೋದಳು. ಅವಳು ಮಲಗುತ್ತಿದ್ದ ಕೋಣೆಯ ಕಿಟಕಿಯಿಂದ ಮರಗಳ ಎಲೆ ಉದುರಿದ ಮೇಲಷ್ಟೇ ಸಮುದ್ರ ಕಾಣುತ್ತಿತ್ತು. ಈಗ ಬರೀ ಹಸಿರು. ಆದರೂ ಅಲ್ಲಿ ನಿಂತು ನೋಡಿದಳು. ಆಮೇಲೆ ಹಾಸಿಗೆಗೆ ಹೊಸ ಬೆಡ್‌ಶೀಟು ಹಾಸಿ ಮೂಲೆಗಳನ್ನು ಒಳಗೆ ಮಡಚಿದಳು.

ಸಂಜೆ ಟ್ರೇಲರ್‌ನ ಮೆಟ್ಟಿಲ ಮೇಲೆ ಕೂತು ವೆಂಡೆಲ್‌ಗೆ ಸುದ್ದಿ ಹೇಳಿದಳು. ಅವನು ಈ ಸಲ ಆಡಿಕೊಳ್ಳಲಿಲ್ಲ. ಒಳನಾಡಿನಲ್ಲಿ ತನ್ನ ತಂಗಿಯ ಊರಿನ ಕಾಗದದ ಕಾರ್ಖಾನೆ ಮುಚ್ಚಿದ ಮೇಲೆ ಅರ್ಧ ಬೀದಿಯೇ ಖಾಲಿ ಬಿದ್ದಿದೆ, ಬಾಡಿಗೆ ಕೇಳುವವರೇ ಇಲ್ಲ ಅಂದ.

"ಅಲ್ಲಿ ಸಮುದ್ರ ಎಲ್ಲಿದೆ?" ಅಂದಳು.

"ಇಲ್ಲಿ ಮನೆ ಎಲ್ಲಿದೆ, ಮಾರಾಯ್ತಿ?"

ಅವಳು ಗೆಡ್ಡೆಗಳ ಮಣ್ಣು ಉಜ್ಜಿ ತೆಗೆದು ಎರಡು ಗುಂಪು ಮಾಡುತ್ತಿದ್ದಳು. ಒಳಗೆ ಒಲೆಯ ಮೇಲೆ ಎಣ್ಣೆ ಕಾಯುತ್ತಿತ್ತು. ವೆಂಡೆಲ್ ಕೈ ಚಾಚಿ ಎಲ್ಲಕ್ಕಿಂತ ದಪ್ಪದ್ದೊಂದನ್ನು ಎತ್ತಿಕೊಂಡ.

"ಅದು ಬೇಡ. ಅದು ಬಿತ್ತನೆಗೆ."

"ಯಾವ ನೆಲಕ್ಕೆ?"

ಲೋರ್ನಾ ಅದನ್ನು ಅವನ ಕೈಯಿಂದ ತೆಗೆದುಕೊಂಡು ಬಿತ್ತನೆಯ ಗುಂಪಿಗೆ ವಾಪಸು ಇಟ್ಟಳು. ಅಡುಗೆಯ ಗುಂಪಿನಿಂದ ಸಣ್ಣದೊಂದನ್ನು ಆರಿಸಿ, ಎಸಳು ಬಿಡಿಸಿ ಅವನ ಅಂಗೈಗೆ ಹಾಕಿದಳು.